ಕಾಡು ಅಣಬೆ ವಿಷಬಾಧೆ: ತೀವ್ರತೆ ಮತ್ತು ಪರಿಣಾಮಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ: ಮಳೆಯ ನಂತರ ಹೊಲದ ಬದು, ಹುತ್ತ ಹಾಗೂ ಮರದ ಬುಡಗಳಲ್ಲಿ ಮೂಡುವ ಅಣಬೆಗಳಲ್ಲಿ ಕೆಲವು ಖಾದ್ಯ, ಕೆಲವು ವಿಷಕಾರಿ.

ತೀವ್ರತೆ: ಸೇವಿಸಿದ 6 ಗಂಟೆಗಳೊಳಗೆ ವಾಂತಿ, ಭೇದಿ ಆರಂಭವಾದಲ್ಲಿ ಬಾಧೆಯು ಬಹುತೇಕ ಜಠರ ಮತ್ತು ಕರುಳಿಗೆ ಸೀಮಿತವಾಗಿರುತ್ತದೆ. ಆದರೂ ಮಕ್ಕಳು ಹಾಗೂ ವೃದ್ಧರಿಗೆ ನಿರ್ಜಲೀಕರಣವು ಅಪಾಯಕಾರಿ. 6ರಿಂದ 24 ಗಂಟೆಗಳ ನಂತರ ಲಕ್ಷಣಗಳು ಕಂಡುಬಂದಲ್ಲಿ ಮಾರಕವಾದ ಅಮಾಟಾಕ್ಸಿನ್ ವಿಷವನ್ನು ಶಂಕಿಸಬೇಕು. ಹಲವು ಬಗೆಯ ಅಣಬೆಗಳನ್ನು ಬೆರೆಸಿ ಸೇವಿಸಿದ್ದಲ್ಲಿ ಈ ಕಾಲಮಾನವನ್ನು ನಂಬುವಂತಿಲ್ಲ.

ಪರಿಣಾಮಗಳು: ಅಮಾಟಾಕ್ಸಿನ್ ಬಾಧೆಯಲ್ಲಿ ವಾಂತಿ, ಭೇದಿ ನಿಂತು ರೋಗಿಯು ಚೇತರಿಸಿಕೊಂಡಂತೆ ತೋರಿದರೂ ಯಕೃತ್ತಿನ ಹಾನಿ ಒಳಗೇ ಮುಂದುವರಿದಿರುತ್ತದೆ. 2ರಿಂದ 4 ದಿನಗಳಲ್ಲಿ ಕಾಮಾಲೆ, ರಕ್ತಸ್ರಾವ ಹಾಗೂ ಪ್ರಜ್ಞಾಹೀನತೆ ಉಂಟಾಗಿ ಮರಣ ಸಂಭವಿಸಬಹುದು. ತೀವ್ರ ಪ್ರಕರಣಗಳಲ್ಲಿ ಯಕೃತ್ತಿನ ಕಸಿ ಅಗತ್ಯವಾಗಬಹುದು. ಆದ್ದರಿಂದ ಚೇತರಿಕೆ ಕಂಡಿತೆಂದು ಚಿಕಿತ್ಸೆಯನ್ನು ನಿಲ್ಲಿಸಬಾರದು.

ತಪ್ಪು ನಂಬಿಕೆಗಳು: ಬೇಯಿಸುವುದರಿಂದ ಅಥವಾ ಒಣಗಿಸುವುದರಿಂದ ಈ ವಿಷವು ನಾಶವಾಗುವುದಿಲ್ಲ. ಬೆಳ್ಳಿ ನಾಣ್ಯ, ಬೆಳ್ಳುಳ್ಳಿಯ ಪರೀಕ್ಷೆಗಳು ನಿರಾಧಾರ. ಹುಳು ತಿಂದ ಅಣಬೆಯೂ ಮನುಷ್ಯರಿಗೆ ವಿಷವಾಗಬಹುದು.

ಕೈಗೊಳ್ಳಬೇಕಾದ ಕ್ರಮಗಳು: ಮನೆಯಲ್ಲಿ ವಾಂತಿ ಮಾಡಿಸದೆ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ತಕ್ಷಣ ಸಮೀಪದ ತಾಲ್ಲೂಕು ಆಸ್ಪತ್ರೆ ಅಥವಾ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ತೆರಳುವುದು. ತುರ್ತು ವಾಹನಕ್ಕೆ 108ಕ್ಕೆ ಕರೆ ಮಾಡುವುದು. ಜೊತೆಯಲ್ಲಿ ಉಂಡವರೆಲ್ಲರೂ, ಲಕ್ಷಣಗಳಿಲ್ಲದಿದ್ದರೂ, ತಪಾಸಣೆಗೆ ಒಳಗಾಗತಕ್ಕದ್ದು.