ಕಳ್ಳದೋಣಿ ಎಂಬ ಮಾತು



ವಲಸೆಯ ವಾದದಲ್ಲಿ ಹೆಸರು ಮೊದಲು ಬರುತ್ತದೆ, ಪುರಾವೆ ಆಮೇಲೆ. ಸಿಲೋನಿನ ತೋಟದ ತಮಿಳರ ಚರಿತ್ರೆಯನ್ನು ಒಮ್ಮೆ ಅವಲೋಕಿಸಿ.

ಅಲ್ಲಿನ ಮಲೆಸೀಮೆಯ ಕಾಫಿ ತೋಟಗಳಿಗೆ, ಅನಂತರ ಚಹಾ ತೋಟಗಳಿಗೆ, 19ನೆಯ ಶತಮಾನದಿಂದಲೂ ತಮಿಳು ಸೀಮೆಯ ಕೂಲಿಕಾರರನ್ನು ಕಂಗಾಣಿಗಳು ಕರೆದೊಯ್ದರು. 20ನೆಯ ಶತಮಾನದ ಆರಂಭದಲ್ಲಿ ಅವರ ಕೊರಳಿಗೆ ತೋಟದ ಸಂಖ್ಯೆ ಒತ್ತಿದ ತಗಡಿನ ಬಿಲ್ಲೆ ಕಟ್ಟಲಾಗುತ್ತಿತ್ತು. ಮಂಡಪಂ ಶಿಬಿರದಲ್ಲಿ ತಪಾಸಣೆಯೂ ನಡೆಯುತ್ತಿತ್ತು. ಹೀಗೆ ಎಣಿಸಿ, ಬಿಲ್ಲೆ ಕಟ್ಟಿ ಸಾಗಿಸಿದ ಜನಕ್ಕೆ ದ್ವೀಪದಲ್ಲಿ ಅಂಟಿದ ಹೆಸರು 'ಕಳ್ಳತ್ತೋಣಿ'. ಅರ್ಥಕ್ಕೆ ಕನ್ನಡಿಗನಿಗೆ ನಿಘಂಟು ಬೇಕಿಲ್ಲ. ಗುಟ್ಟಾಗಿ ಕಡಲು ದಾಟಿದವರು ಕೆಲವರು ಇದ್ದದ್ದು ನಿಜ. ಆದರೆ ಮಾತು ಬಿದ್ದದ್ದು ತೋಟದ ಲೈನು ಮನೆಗಳಲ್ಲೇ ಹುಟ್ಟಿ ಬೆಳೆದ ಮಕ್ಕಳ ಮೇಲೂ.

ಸ್ವಾತಂತ್ರ್ಯ ಬಂದ 1948ರಲ್ಲೇ ಅಲ್ಲಿ ಪೌರತ್ವ ಕಾಯಿದೆ ಬಂತು. ತಂದೆ ದ್ವೀಪದಲ್ಲೇ ಹುಟ್ಟಿದನೆಂದು, ಇಲ್ಲವೇ ಅಜ್ಜ ಮುತ್ತಜ್ಜರಿಬ್ಬರೂ ಅಲ್ಲೇ ಹುಟ್ಟಿದರೆಂದು ತೋರಿಸಬೇಕಿತ್ತು. ಜನನದ ದಾಖಲೆಯೇ ಇಲ್ಲದ ಕೂಲಿಕಾರ ಏನು ತೋರಿಸಿಯಾನು? ಬೈಗುಳದಲ್ಲಿದ್ದ ಸಂಶಯ ಕಾನೂನಿನಲ್ಲಿ ಸಭ್ಯ ಭಾಷೆ ಉಟ್ಟು ಬಂದಿತೆಂದೇ ನನ್ನ ತೀರ್ಮಾನ. 1947ರಲ್ಲಿ ಮತ ಹಾಕಿದ್ದವರಲ್ಲಿ ಬಹುಪಾಲು ಜನಕ್ಕೆ 1952ರಲ್ಲಿ ಮತವಿರಲಿಲ್ಲ.

1964ರ ಅಕ್ಟೋಬರಿನಲ್ಲಿ ಸಿರಿಮಾವೋ–ಶಾಸ್ತ್ರಿ ಒಪ್ಪಂದವಾಯಿತು. 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮಪಾಲು ಮಾಡಿಕೊಂಡರು. ಹೊರಟವರಿಗೆ ಕಾಗದಪತ್ರಗಳಲ್ಲಿ ಕೊಟ್ಟ ಹೆಸರು 'ತಾಯ್ನಾಡಿಗೆ ಮರಳಿದವರು'. ಎಂದೂ ಕಾಣದ ನಾಡಿಗೆ ಮರಳುವುದು ಹೇಗೆ? ನೀಲಗಿರಿಯಲ್ಲಿ ಸರಕಾರಿ ಚಹಾ ತೋಟಗಳು ಅವರಿಗಾಗಿ ಎದ್ದವು. ನಮ್ಮ ಕಾಸರಗೋಡಿನ ಮಗ್ಗುಲಲ್ಲೇ, ಸುಳ್ಯ–ಪುತ್ತೂರು ಸೀಮೆಯ ರಬ್ಬರ್ ತೋಟಗಳಲ್ಲೂ ಅನೇಕರು ನೆಲೆಸಿದರು. ಅಲ್ಲಿ ಇಂಡಿಯಾದವರಾಗಿದ್ದವರು ಇಲ್ಲಿ ಸಿಲೋನಿನವರಾದರು.

ನಮಗೂ ಇದಕ್ಕೂ ಏನು ಸಂಬಂಧವೆಂದು ಕೇಳುವಿರಾ? 1956ರ ನವೆಂಬರ್ 1ರಂದು ನಾವು ಒಂದು ಹೆಜ್ಜೆಯನ್ನೂ ಕದಲಿಸಲಿಲ್ಲ, ಗೆರೆ ಕದಲಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವುದು 'ಭಾಷಾ ಅಲ್ಪಸಂಖ್ಯಾತ' ವರ್ಗದ ಮಕ್ಕಳಿಗೆ. ನಮ್ಮ ಕನ್ನಡ ತರಗತಿಗಳು ನಿಂತಿರುವುದು ಆ ಪದದ ಮೇಲೆ. ಶಾಲೆಯ ಸಭೆಯಲ್ಲಿ ಯಾರಾದರೂ ನಮ್ಮನ್ನು 'ಆಚೆಯಿಂದ ಬಂದವರು' ಎಂದರೆ, ಮೊದಲು ಆ ಪದವನ್ನು ತಿದ್ದಿ, ಆಮೇಲೆ ಅಧ್ಯಾಪಕರ ಹುದ್ದೆಯ ಮಾತಾಡಿ. ಕೆಲಸ ಅರಸಿ ಬಂದ ಒಡಿಯಾ, ಬಂಗಾಳಿ ತಂದೆಯರು ನಮ್ಮ ಶಾಲೆಯ ಬಾಗಿಲಿಗೆ ಬಂದಾಗ ನಾವು ಬಳಸುವ ಪದವನ್ನೂ ಕಿವಿಗೊಟ್ಟು ಕೇಳಿ.

ಶ್ರೀಲಂಕೆಯಲ್ಲಿ ಉಳಿದವರಿಗೆ ಪೌರತ್ವ ನೀಡುವ ಕಾಯಿದೆ 2003ರಲ್ಲಿ ಬಂತು. ಜನಗಣತಿ ಅವರನ್ನು 1911ರಿಂದ 'ಇಂಡಿಯನ್ ತಮಿಳರು' ಎಂದೇ ಬೇರೆಯಾಗಿ ಬರೆದುಕೊಂಡು ಬಂದಿತ್ತು. ಅವರು ತಮ್ಮನ್ನು ಕರೆದುಕೊಳ್ಳುವುದು 'ಮಲೈಯಹ ತಮಿಳರ್' ಎಂದು: ಮಲೆನಾಡ ತಮಿಳರು.