ಬಾಯಲ್ಲಿ ಉಣ್ಣುವ ಕೋವಿ

ಕೇಪಿನ ಕೋವಿಗೂ ಅವಸರಕ್ಕೂ ಆಗಿಬರುವುದಿಲ್ಲ. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಅದರ ಬಾಯಿಗೆ ಮದ್ದು ಸುರಿಯಬೇಕು. ಮೇಲೊಂದು ತೆಂಗಿನ ನಾರಿನ ಉಂಡೆ ಇಟ್ಟು ಗಜ ಎಂಬ ಕೋಲಿನಿಂದ ಜಡಿದರೆ ಮದ್ದು ತಳ ಹಿಡಿದು ಕೂರುತ್ತದೆ. ಆಮೇಲೆ ಚರೆಯೋ ಗುಂಡೋ, ಅದು ಉರುಳಿ ಹೊರಬೀಳದಂತೆ ಇನ್ನೊಂದು ನಾರಿನ ಉಂಡೆ. ಗಜವನ್ನು ಹೊರಗೆಳೆದ ಮೇಲೆ ಕುದುರೆಯನ್ನು, ಅಂದರೆ ಬಡಿಯುವ ಸುತ್ತಿಗೆಯನ್ನು ಎತ್ತಿ, ಅದರ ಕೆಳಗಿನ ತೂತಿನ ತುದಿಗೆ ಪುಟ್ಟ ತಾಮ್ರದ ಕೇಪು ತೊಡಿಸಬೇಕು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಗದ್ದೆಗೆ ನುಗ್ಗಿದ ಹಂದಿ ಬೇಲಿ ದಾಟಿ ಕಾಡು ಸೇರಿರುತ್ತದೆ.

ಹಿಂಬದಿಯಿಂದ ತೋಟಾ ತುಂಬುವ ಕೋವಿಗಳು ಬಂದ ಮೇಲೆ ಸೈನ್ಯಗಳು ಈ ಬಾಯಲ್ಲಿ ಉಣ್ಣುವ ಕೋವಿಯನ್ನು ಕೈಬಿಟ್ಟವು. ಮಲೆನಾಡಿನ, ಕೊಡಗಿನ ಮನೆಗಳು ಬಿಡಲಿಲ್ಲ. ತೋಟಾವನ್ನು ಪೇಟೆಯಿಂದ ಕೊಂಡೇ ತರಬೇಕು. ಕೇಪಿನ ಕೋವಿ ಹಾಗಲ್ಲ, ಮದ್ದು ಮತ್ತು ಕೇಪು ಇದ್ದರೆ ಮಿಕ್ಕದ್ದಕ್ಕೆ ಮನೆಯಲ್ಲಿ ಸಿಕ್ಕಿದ್ದರಲ್ಲೇ ಹೊಂದಿಕೊಳ್ಳುತ್ತದೆ.

ಕನ್ನಡ ನೆಲದಲ್ಲಿ ಕೈಬಂದೂಕಿನ ಕೆಲಸ ಕಣ್ಣಿಗೆ ಕಟ್ಟುವಂತೆ ದಾಖಲಾಗಿರುವುದು 1520ರ ರಾಯಚೂರು ಮುತ್ತಿಗೆಯಲ್ಲಿ. ಆ ಕಥೆ ಬರೆದಿಟ್ಟವನು ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಕೃಷ್ಣದೇವರಾಯನ ಸೈನಿಕರು ಹಾರೆ, ಗುದ್ದಲಿ ಹಿಡಿದು ಕೋಟೆಗೋಡೆಯ ಕಲ್ಲು ಕೀಳುತ್ತಿದ್ದರು. ಕಿತ್ತ ಕಲ್ಲಿನ ಗಾತ್ರ ನೋಡಿ ದಳವಾಯಿಗಳು ದುಡ್ಡು ಕೊಡುತ್ತಿದ್ದರಂತೆ. ಮೇಲಿನಿಂದ ಬಿಜಾಪುರದ ಕಾವಲಿನವರು ಬಾಣ, ಕಲ್ಲುಗಳ ಮಳೆ ಸುರಿಸುತ್ತಿದ್ದರು. ಆ ಹೊತ್ತಿಗೆ ಕುದುರೆ ಮಾರಲು ಬಂದಿದ್ದ ಕ್ರಿಸ್ತೊವಾವ್ ದ ಫಿಗೈರೆದು ತನ್ನ 20 ಮಂದಿ ಬಂದೂಕಿನವರೊಂದಿಗೆ ಗೋಡೆಯ ಬಳಿ ಬಂದು ನಿಂತ. ತಲೆ ಹೊರಹಾಕಿದವರೆಲ್ಲ ಗುಂಡಿಗೆ ಉರುಳತೊಡಗಿದರು. ಕಾವಲಿನವರು ಮರೆಗೆ ಸರಿದ ಮೇಲೆ ಕಲ್ಲು ಕೀಳುವವರ ಕೆಲಸ ಸಲೀಸಾಯಿತು.

ಆ ಕಾಲದ ಬಂದೂಕಿಗೆ ಕಿಡಿ ಮುಟ್ಟಿಸುತ್ತಿದ್ದದ್ದು ಜಾಮಗಿ, ಅಂದರೆ ಸದಾ ಹೊಗೆಯಾಡುವ ಬತ್ತಿ. ಮಳೆ ಬಂದರೆ ಅದು ಆರುತ್ತಿತ್ತು, ಇರುಳಲ್ಲಿ ಅದರ ಕೆಂಡವೇ ಶತ್ರುವಿಗೆ ಗುರುತು ತೋರಿಸುತ್ತಿತ್ತು. ಅದರ ಜಾಗಕ್ಕೆ ಬಂದದ್ದು ಚಕಮಕಿ. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸಿದರೆ, ಪಕ್ಕದ ಬಟ್ಟಲಿನಲ್ಲಿದ್ದ ರಂಜಕ, ಅಂದರೆ ಕಿಡಿ ಹಿಡಿಯುವ ಮದ್ದಿನ ಪುಡಿ ಹೊತ್ತಿ, ಸಣ್ಣ ತೂತಿನ ಮೂಲಕ ಬೆಂಕಿ ಒಳಗಿನ ಮದ್ದಿಗೆ ತಲುಪುತ್ತಿತ್ತು. ಎಷ್ಟೋ ಸಲ ರಂಜಕ ಮಾತ್ರ ಭಗ್ಗೆಂದು ಉರಿದು ಈಡು ಹಾರುತ್ತಲೇ ಇರಲಿಲ್ಲ. ಚೆನ್ನಾಗಿ ಪಳಗಿದ ಸಿಪಾಯಿಗೂ ನಿಮಿಷಕ್ಕೆ ಎರಡು ಮೂರು ಈಡಿನ ಮೇಲೆ ಸಾಧ್ಯವಿರಲಿಲ್ಲ.

ಚಕಮಕಿ ಕೋವಿಯ ಕಸುಬು ಕನ್ನಡನಾಡಿನಲ್ಲಿ ತುತ್ತತುದಿ ಮುಟ್ಟಿದ್ದು ಟಿಪ್ಪುವಿನ ಕಾಲದಲ್ಲಿ. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಫ್ರೆಂಚ್ ಮಾದರಿಗಳನ್ನು ಮುಂದಿಟ್ಟುಕೊಂಡು ಸ್ಥಳೀಯ ಕುಶಲಿಗರು ಬಂದೂಕು ಕಟ್ಟಿದರು. ಆದರೆ ಅವು ಬರೀ ನಕಲುಗಳಾಗಿರಲಿಲ್ಲ. ರಾಜನ ಕೈಗೆಂದು ಮಾಡಿದವುಗಳಲ್ಲಿ ಕಲ್ಲು ಕಚ್ಚುವ ಕುದುರೆಗೆ ಹುಲಿಯ ತಲೆ ಬಂತು, ನಳಿಗೆಯ ಮೇಲೆ ಹುಲಿಪಟ್ಟೆ ಹರಿಯಿತು, ಹೈದರನ ಹೆಸರಿನ ಮುದ್ರೆ ಬಿತ್ತು. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯಲ್ಲಿ ಇಸವಿ ಕೆತ್ತಿಸಿದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದವರು ಎಡದಿಂದ ಓದಿದರೆ ಕೋವಿಯ ವಯಸ್ಸೇ ತಲೆಕೆಳಗಾಗುತ್ತದೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಥ ಬಂದೂಕುಗಳು ಹಡಗು ಹತ್ತಿದವು. ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲೂ ಲಂಡನ್ನಿನ ಮ್ಯೂಸಿಯಮ್ಮಿನಲ್ಲೂ ಅವು ಇಂದಿಗೂ ಇವೆ.

ಬಂದೂಕಿನ ಹಿಂದೆ ಮದ್ದಿನ ದೊಡ್ಡ ವ್ಯವಹಾರವೇ ಇತ್ತು. ಇದ್ದಿಲು, ಗಂಧಕ, ಪೆಟ್ಲುಪ್ಪು ಮೂರು ಕೂಡಿದರೆ ಮದ್ದು. ಅದರಲ್ಲಿ ಸಿಂಹಪಾಲು ಪೆಟ್ಲುಪ್ಪಿನದು. ಸವುಳು ಮಣ್ಣು ಕೆರೆದು, ನೀರಲ್ಲಿ ಕದಡಿ, ಸೋಸಿ ಕಾಯಿಸಿ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬು. ಪೆಟ್ಲುಪ್ಪು ತೆಗೆಯುವ ವಿದ್ಯೆಯೂ ಅವರಿಗೆ ಗೊತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಮದ್ದನ್ನು ಇಡುತ್ತಿದ್ದದ್ದು ಅರ್ಧ ನೆಲದಲ್ಲಿ ಹುದುಗಿದ, ಇಟ್ಟಿಗೆ ಗಾರೆಯ ಮದ್ದಿನ ಮನೆಗಳಲ್ಲಿ. ಅವುಗಳಲ್ಲೊಂದು ಮೈಸೂರು ರೈಲಿನ ಜೋಡಿ ಹಳಿಗೆ ಅಡ್ಡ ನಿಂತಿತ್ತು. ಒಡೆಯುವ ಬದಲು 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ಬೇರೆ ಜಾಗಕ್ಕೆ ಸರಿಸಿದರು.

ಚಕಮಕಿಗೆ ಮುಪ್ಪು ತಂದವನು ಯುದ್ಧ ಕಂಡ ಸೇನಾಪತಿಯಲ್ಲ, ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿ. ಅವನಿಗೆ ಹಕ್ಕಿ ಬೇಟೆಯ ಹುಚ್ಚು. ರಂಜಕ ಭಗ್ಗೆಂದ ಬೆಳಕಿಗೇ ಹಕ್ಕಿಗಳು ಎಚ್ಚೆತ್ತು, ಗುಂಡು ತಲುಪುವ ಮೊದಲೇ ಹಾರಿಹೋಗುತ್ತಿದ್ದವು. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಕಿಡಿಯ ಬದಲಿಗೆ ಬಳಸುವ ಉಪಾಯಕ್ಕೆ 1807ರಲ್ಲಿ ಅವನು ಪೇಟೆಂಟ್ ಪಡೆದ. ಮುಂದೆ ಅದೇ ಮಿಶ್ರಣ ತಾಮ್ರದ ಪುಟ್ಟ ಟೋಪಿಯೊಳಗೆ ಸೇರಿತು. ಆ ಟೋಪಿಯೇ ನಮ್ಮವರ ಬಾಯಲ್ಲಿ ಕೇಪು. ತಿಂಗಳುಗಟ್ಟಲೆ ಜಡಿಮಳೆ ಹೊಡೆಯುವ ಸೀಮೆಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕಿರಲಿಲ್ಲ.

ಆದರೂ ಮಳೆಯ ಕಾಟ ಪೂರ್ತಿ ತಪ್ಪಲಿಲ್ಲ. ಕರಿಮದ್ದು ಉರಿದ ಮೇಲೆ ನಳಿಗೆಯ ಒಳಗೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಮರುದಿನಕ್ಕೇ ತುಕ್ಕು. ಆದ್ದರಿಂದ ಈಡು ಹೊಡೆದ ದಿನವೇ ಬಿಸಿನೀರು ಹುಯ್ದು, ಗಜದ ತುದಿಗೆ ಬಟ್ಟೆ ಸುತ್ತಿ ಉಜ್ಜಬೇಕು. ಮೊದಲ ನೀರು ಕೊಳೆತ ಮೊಟ್ಟೆಯ ವಾಸನೆ ಹೊತ್ತು ಕರ್ರಗೆ ಇಳಿಯುತ್ತದೆ, ಅದು ಗಂಧಕದ ಗುರುತು. ನೀರು ತಿಳಿಯಾಗುವವರೆಗೂ ತೊಳೆದು, ಒಣಗಿಸಿ, ಎಣ್ಣೆ ಸವರಿದರೆ ನಳಿಗೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಕೊಡಗಿನಲ್ಲಿ ಕೋವಿಗೆ ತೋಕ್ ಎಂದು ಹೆಸರು. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಪೊಳ್ದ್ ಆಯುಧಗಳ ಹಬ್ಬ. ಗದ್ದೆ ಕೆಲಸದ ದಿನಗಳಲ್ಲಿ ಕನ್ನಿಕೋಂಬರೆ ಎಂಬ ದೇವರ ಕೋಣೆಯಲ್ಲಿ ಸುಮ್ಮನಿದ್ದ ತೋಕು, ಒಡಿಕತ್ತಿ, ಪೀಚೆಕತ್ತಿಗಳಿಗೆ ಅಂದು ಗಂಧ ಹಚ್ಚಿ ಹೂ ಮುಡಿಸುತ್ತಾರೆ. ಕೆಂಪು ಹಳದಿಯ ಬೆಂಕಿನಾಲಗೆಯಂಥ ಆ ಹೂವಿನ ಹೆಸರೂ ತೋಕ್ ಪೂ. ಪೂಜೆಯಾಗಿ, ಕಡಂಬುಟ್ಟು ಪಂದಿಕರಿಯ ಊಟವಾಗಿ, ಊರ ಬಯಲಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಸುಗ್ಗಿಯ ಹಬ್ಬ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗಲೂ ಒಂದು ಈಡು ಹಾರಲೇಬೇಕು.

ಈ ನಂಟಿಗೆ ಸರ್ಕಾರದ ಮುದ್ರೆಯೂ ಬಿದ್ದಿದೆ. 1857ರ ದಂಗೆಯ ನಂತರ ಬ್ರಿಟಿಷರು ದೇಶವನ್ನು ನಿರಾಯುಧಗೊಳಿಸುವ ಕಾನೂನು ತಂದಾಗ, ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ಆ ಕಾನೂನಿನಿಂದ ಹೊರಗಿಟ್ಟ. ಸ್ವಾತಂತ್ರ್ಯದ ನಂತರವೂ ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು. ಮಿಕ್ಕ ಮಲೆನಾಡಿಗರು ಲೈಸೆನ್ಸ್ ಮಾಡಿಸಲೇಬೇಕು. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ಕಾಯಲು ಬೇಕಾದ ಬಾಯಿಮದ್ದಿನ ಕೋವಿಗೆಂದೇ ಪ್ರತ್ಯೇಕ ಮಾತಿದೆ. ಕಾಡುಪ್ರಾಣಿಗಳ ಬೇಟೆಗೆ 1972ರ ವನ್ಯಜೀವಿ ಕಾಯ್ದೆ ತಡೆ ಹಾಕಿದ ಮೇಲೆ ಆ ಕೋವಿಯಿಂದ ಹೆಚ್ಚಾಗಿ ಕೇಳಿಬರುವುದು ಮಂಗ, ಆನೆಗಳನ್ನು ಬೆದರಿಸುವ ಬರೀ ಸದ್ದು. ಚುನಾವಣೆ ಘೋಷಣೆಯಾಯಿತೆಂದರೆ ಅದೂ ಠಾಣೆ ಸೇರಬೇಕು. ಫಸಲು ಕೈಗೆ ಬರುವ ಹೊತ್ತಿಗೇ ಹಾಗಾದರೆ ಬೆಳೆಗಾರರು ಗೊಣಗುತ್ತ ಸಾಲು ನಿಲ್ಲುತ್ತಾರೆ.

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಒಂಟಿ ನಳಿಗೆಯ ಕೇಪಿನ ಕೋವಿಯೊಂದೇ ಇದ್ದ ಮನೆಯಲ್ಲಿ ಎರಡನೆಯ ಈಡಿಗೆ ಮತ್ತೆ ಮದ್ದು ಸುರಿದು, ನಾರು ಜಡಿದು, ಕೇಪು ತೊಡಿಸಬೇಕಾಗುತ್ತಿತ್ತು. ಅಷ್ಟು ಹೊತ್ತು, ಮೊದಲ ಸದ್ದು ಕೇಳಿದ ಗದ್ದೆಯಾಚೆಯ ಮನೆಯವರಿಗೆ ಅದು ತೊಟ್ಟಿಲಿನ ಸುದ್ದಿಯೋ ಚಟ್ಟದ ಸುದ್ದಿಯೋ ತಿಳಿಯುವಂತಿರಲಿಲ್ಲ.