ಕಾಲು ಕಳೆದುಕೊಂಡವರ ವಂಶಾವಳಿ

ಯೂರೋಪಿನ ತೋಟಗಳಲ್ಲಿ ಹರಿದಾಡುವ ‘ಸ್ಲೋ ವರ್ಮ್’ಗೆ ಲಿನೇಯಸ್ 1758ರಲ್ಲಿ ಆಂಗ್ವಿಸ್ ಫ್ರಾಜಿಲಿಸ್ ಎಂದು ಹೆಸರಿಟ್ಟು, ಹಾವುಗಳ ಸಾಲಿಗೆ ಸೇರಿಸಿದರು. ಕಾಲಿಲ್ಲ, ಮೈ ಉದ್ದ, ಅಷ್ಟೇ ಸಾಕಾಗಿತ್ತು. ಆದರೆ ಈ ಪ್ರಾಣಿ ರೆಪ್ಪೆ ಮಿಟುಕಿಸುತ್ತದೆ, ಹಿಡಿದರೆ ಬಾಲ ಕಳಚಿಟ್ಟು ಪಾರಾಗುತ್ತದೆ. ಅಂದರೆ ಇದು ಹಾವಲ್ಲ, ಹಲ್ಲಿ. ಇಂಥ ಹಲ್ಲಿಗಳ ಅಧ್ಯಯನ ಮುಂದುವರಿದದ್ದೇ ಇಲ್ಲದ ಕಾಲನ್ನು ಬಿಟ್ಟು ಇರುವ ಮೈಯನ್ನು ನೋಡಲು ಶುರುಮಾಡಿದ ಮೇಲೆ.

ಕಾಲಿಲ್ಲದ್ದೆಲ್ಲ ಹಾವಲ್ಲ ಎಂಬುದನ್ನು ಪ್ರಕೃತಿ ವಿಜ್ಞಾನಿ ಪಲ್ಲಾಸ್ ಬೇಗ ಗುರುತಿಸಿದರು. ಮೀಟರಿಗೂ ಮಿಕ್ಕಿ ಬೆಳೆಯುವ ಶೆಲ್ಟೋಪುಸಿಕ್ ಅನ್ನು 1775ರಲ್ಲಿ ವಿವರಿಸುವಾಗಲೇ ಅವರು ಅದನ್ನು ಹಲ್ಲಿಗಳ ಗುಂಪಿಗೆ ಹಾಕಿದ್ದರು. ಹತ್ತಿರದಿಂದ ನೋಡಿದರೆ ಅದರ ಗುದದ್ವಾರದ ಎರಡು ಬದಿಗೂ ಒಂದೊಂದು ಪುಟ್ಟ ಮೊಳಕೆ ಕಾಣುತ್ತದೆ. ಹಿಂಗಾಲಿನಲ್ಲಿ ಉಳಿದದ್ದು ಅಷ್ಟೇ. ತಲೆಯ ಪಕ್ಕ ಕಿವಿಯ ತೂತಿದೆ. ಹುರುಪೆಗಳ ಅಡಿಯಲ್ಲಿ ಎಲುಬಿನ ಬಿಲ್ಲೆಗಳಿರುವುದರಿಂದ ಮೈ ಬಿಗಿ. ತಿಂದಾಗ, ಮೊಟ್ಟೆ ತುಂಬಿದಾಗ ಹಿಗ್ಗಲೆಂದು ಪಕ್ಕೆಯುದ್ದಕ್ಕೂ ಒಂದು ಮಡಿಕೆಯಿದೆ.

ರೆಪ್ಪೆಯಿದ್ದರೆ ಹಲ್ಲಿ ಎಂಬ ಸುಲಭ ಸೂತ್ರ ಆಸ್ಟ್ರೇಲಿಯಾದಲ್ಲಿ ಕೈಕೊಟ್ಟಿತು. ಅಲ್ಲಿನ ಪೈಗೊಪಾಡ್ ಎಂಬ ಹಲ್ಲಿಗಳಿಗೆ ರೆಪ್ಪೆಯಿಲ್ಲ, ಕಣ್ಣನ್ನು ನಾಲಿಗೆಯಿಂದ ನೆಕ್ಕಿ ಒರೆಸಿಕೊಳ್ಳುತ್ತವೆ. ಕಿರುಚುವುದೂ ಉಂಟು. ಇವು ನಮ್ಮ ಗೋಡೆಯ ಹಲ್ಲಿಯ ನೆಂಟರೆಂದು 1957ರಲ್ಲಿ ಗಾರ್ತ್ ಅಂಡರ್‌ವುಡ್ ಅಂಗರಚನೆಯ ಆಧಾರದಲ್ಲಿ ವಾದಿಸಿದರು. ಮುಂದೆ ಡಿಎನ್‌ಎ ಅಧ್ಯಯನವೂ ಹೌದೆಂದಿತು.

ಹಾಗಾದರೆ ಕಾಲು ಹೋದದ್ದೇಕೆ? ಮೊದಲು ಮೈ ನೀಳವಾಯಿತು, ಬಳುಕಿ ಸಾಗುವುದು ರೂಢಿಯಾಯಿತು, ಆಮೇಲೆ ಕಾಲು ಕುಗ್ಗಿತು ಎಂದು ಕಾರ್ಲ್ ಗಾನ್ಸ್ 1975ರಲ್ಲಿ ಬರೆದರು. 2006ರಲ್ಲಿ ಜಾನ್ ವೀನ್ಸ್ ಮತ್ತು ಸಂಗಡಿಗರು ವಂಶವೃಕ್ಷ ಹರಡಿ ಎಣಿಸಿದಾಗ, ಹಾವಿನಂಥ ಮೈ ಸುಮಾರು 25 ಸಲ ಬೇರೆ ಬೇರೆಯಾಗಿ ಮೂಡಿದ್ದು ಕಂಡಿತು. ಬಗೆ ಮಾತ್ರ ಮುಖ್ಯವಾಗಿ ಎರಡು: ಮಣ್ಣಿನೊಳಗೆ ಬದುಕುವ ಮೋಟು ಬಾಲದವು, ಹುಲ್ಲಿನ ನಡುವೆ ನುಸುಳುವ ಉದ್ದ ಬಾಲದವು. ಮಣ್ಣಿನವು ಒಂದೇ ಭೂಭಾಗದಲ್ಲೂ ಮತ್ತೆ ಮತ್ತೆ ಹುಟ್ಟಿವೆ. ಆಸ್ಟ್ರೇಲಿಯಾದ ಲೆರಿಸ್ಟಾ ಎಂಬ ಒಂದೇ ಕುಲದ ಹಾವುರಾಣಿಗಳಲ್ಲಿ ಐದು ಬೆರಳಿನವೂ ಇವೆ, ಕಾಲೇ ಇಲ್ಲದವೂ ಇವೆ, ನಡುವಿನ ಹಂತಗಳವೂ ಇವೆ.

ಅದೇ ದೇಶದ ಹೆಮಿಯರ್ಗಿಸ್ ಹಾವುರಾಣಿಗಳ ಭ್ರೂಣಗಳನ್ನು ಹೋಲಿಸಿದ 2003ರ ಅಧ್ಯಯನವೊಂದು ನನಗೆ ಬಹಳ ಮೆಚ್ಚುಗೆ. ಬೆರಳು ಕಡಿಮೆಯಿರುವ ಬಗೆಗಳಲ್ಲಿ ‘ಸೋನಿಕ್ ಹೆಡ್ಜ್‌ಹಾಗ್’ ವಂಶವಾಹಿ ಕೆಲಸ ಮಾಡುವ ಅವಧಿಯೂ ಕಡಿಮೆ. ವಂಶವಾಹಿ ಕಳೆದುಹೋಗಿಲ್ಲ, ಬೇಗ ಸುಮ್ಮನಾಗುತ್ತದೆ. ಕಳೆದ ಬೆರಳು ಮತ್ತೆ ಮೂಡಬಲ್ಲದು ಎಂದು 2006ರಲ್ಲಿ ದಕ್ಷಿಣ ಅಮೆರಿಕದ ಬಾಕಿಯಾ ಹಲ್ಲಿಗಳನ್ನು ಮುಂದಿಟ್ಟುಕೊಂಡು ಎದ್ದ ವಾದ ಇನ್ನೂ ತಣ್ಣಗಾಗಿಲ್ಲ. ವಂಶವೃಕ್ಷದ ಕೊಂಬೆಯೊಂದು ಜರುಗಿದರೆ ತೀರ್ಮಾನವೂ ಜರುಗುವಂಥ ವಾದವದು. ಭ್ರೂಣದ ಸಾಕ್ಷಿಯೇ ನನಗೆ ಹೆಚ್ಚು ಗಟ್ಟಿಯೆನಿಸುತ್ತದೆ.

ಈ ನಡುವೆ ಪಟ್ಟಿಯೂ ಬೆಳೆಯುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ ಕಾಲಿಲ್ಲದ ಆನಿಯೆಲ್ಲಾ ಕುಲದ ಒಂದೇ ಪ್ರಭೇದವಿದೆ ಎಂದುಕೊಂಡಿದ್ದಾಗ, ಪಾಪೆನ್‌ಫಸ್ ಮತ್ತು ಪಾರಮ್ 2013ರಲ್ಲಿ ಇನ್ನೂ ನಾಲ್ಕನ್ನು ಹೆಸರಿಸಿದರು. ತಂಪಿಗೆಂದು ಹಲ್ಲಿಗಳು ಬಂದು ಸೇರಲಿ ಎಂದು ನೆಲದ ಮೇಲೆ ರಟ್ಟು, ಹಲಗೆಗಳನ್ನು ಹಾಸಿ, ಮತ್ತೆ ಬಂದು ಎತ್ತಿ ನೋಡುವ ಉಪಾಯ ಅವರದು. ಸಿಕ್ಕ ಜಾಗಗಳು ದಟ್ಟ ಕಾಡುಗಳಲ್ಲ: ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಪಕ್ಕದ ಮರಳುದಿಬ್ಬ, ಬೇಕರ್ಸ್‌ಫೀಲ್ಡ್ ಪಟ್ಟಣದ ಖಾಲಿ ನಿವೇಶನ, ಎಣ್ಣೆಬಾವಿಗಳ ಬಯಲು. ಲಿನೇಯಸ್ಸರ ಆಂಗ್ವಿಸ್ ಕೂಡ ಈಗ ಐದು ಪ್ರಭೇದಗಳಾಗಿ ಒಡೆದಿದೆ.

ಭಾರತದ ಪಾಲು ಸಣ್ಣದು. ಡಾರ್ಜಿಲಿಂಗ್, ಖಾಸಿ ಬೆಟ್ಟಗಳಲ್ಲಿ ‘ಗಾಜಿನ ಹಲ್ಲಿ’ಯ ಒಂದು ಪ್ರಭೇದವಿದೆ. ಉಳಿದ ಕಥೆ ಹೆಚ್ಚಾಗಿ ಪೂರ್ವ ಕರಾವಳಿ ಮತ್ತು ಪೂರ್ವಘಟ್ಟದ್ದು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೊದಲ ನಿರ್ದೇಶಕ ನೆಲ್ಸನ್ ಅನ್ನಂಡೇಲ್, ಚಿಲಿಕಾ ಸರೋವರದ ಬರ್ಕುಡಾ ದ್ವೀಪದಲ್ಲಿ ಸಿಕ್ಕ ಕಾಲಿಲ್ಲದ ಹಾವುರಾಣಿಗೆ 1917ರಲ್ಲಿ ಬರ್ಕುಡಿಯಾ ಎಂದು ಹೆಸರಿಟ್ಟರು. ಅದಕ್ಕೂ ಮೊದಲೇ, 1870ರಲ್ಲಿ, ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ವಿಶಾಖಪಟ್ಟಣದ ಕಡೆಯ ಬೆಟ್ಟಗಳಿಂದ ಸೆಪ್ಸೋಫಿಸ್ ಎಂಬ ಇನ್ನೊಂದು ಕಾಲಿಲ್ಲದ ಹಾವುರಾಣಿಯನ್ನು ವಿವರಿಸಿದ್ದರು. ಅದು ಮತ್ತೆ ಕಣ್ಣಿಗೆ ಬೀಳುವ ಹೊತ್ತಿಗೆ 130 ವರ್ಷ ದಾಟಿತ್ತು. ಬೆಟ್ಟವೇನೂ ದುರ್ಗಮವಲ್ಲ. ಪ್ರಾಣಿ ಇರುವುದು ಕಲ್ಲಿನಡಿಯ ಸಡಿಲ ಮಣ್ಣಿನಲ್ಲಿ. ಅಲ್ಲಿ ಕೆದಕಿ ನೋಡಿದವರು ಕಡಿಮೆ.